ಕಾಗದ ಕೂಡಿಸಿ, ಆಮೇಲೆ ಟಿಕೆಟ್ ತೆಗೆಸಿ

ನಿವೃತ್ತಿಯಾದ ಮೇಲೆ ಕಾಚಿಗೂಡದ ಸುತ್ತಲಿನ ನಮ್ಮ ಕನ್ನಡದ ಮನೆಗಳಿಗೆ ಅರ್ಜಿ ತುಂಬಿಕೊಡುವ ಕೆಲಸ ತಾನಾಗಿ ನನ್ನ ಕೊರಳಿಗೆ ಬಿತ್ತು. ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಕಾರ್ಯಕ್ರಮ ಮುಗಿದು ಉಪ್ಪಿಟ್ಟಿನ ತಟ್ಟೆ ಕೈಗೆ ಬರುವಷ್ಟರಲ್ಲಿ ಯಾರಾದರೂ ಪಕ್ಕಕ್ಕೆ ಬಂದು, "ಕಾಕಾ, ಮಗಳು ಅಮೆರಿಕಾಕ್ಕ ಕರೀಲಿಕ್ಕತ್ತಾಳ, ಏನೇನು ಕಾಗದ ಬೇಕಾಗ್ತಾವ?" ಎಂದು ಕೇಳುತ್ತಾರೆ. ಏನೇನು ಬೇಕು ಅನ್ನುವ ಪಟ್ಟಿ ಈಗ ಎಲ್ಲರ ಫೋನಿನಲ್ಲೂ ಇದೆ. ನಾನು ಕಂಡಂತೆ ಕಾಗದ ಇಲ್ಲದೆ ಸಿಕ್ಕಿಬಿದ್ದವರು ಕಡಿಮೆ. ಇದ್ದ ಕಾಗದಗಳು ಒಂದಕ್ಕೊಂದು ಹೊಂದದೆ ಒದ್ದಾಡಿದವರೇ ಜಾಸ್ತಿ. ಹೈದರಾಬಾದಿನ ಕನ್ನಡಿಗರಿಗಂತೂ ಈ ಕಾಟ ದುಪ್ಪಟ್ಟು. ಹುಟ್ಟಿದ್ದು ಬೀದರಿನಲ್ಲಿ, ಶಾಲೆ ಇಲ್ಲಿನದು, ಡಿಗ್ರಿ ಧಾರವಾಡದ್ದು, ನೌಕರಿ ಆಂಧ್ರಪ್ರದೇಶದ್ದು, ಪಿಂಚಣಿ ತೆಲಂಗಾಣದ್ದು. ಒಬ್ಬೊಬ್ಬ ಗುಮಾಸ್ತ ತನಗೆ ಕೇಳಿಸಿದಂತೆ ಹೆಸರು ಬರೆದಿರುತ್ತಾನೆ. ಅದಕ್ಕೇ ಈ ಮಾತುಗಳು, ನನಗೆ ತೋಚಿದ ಕ್ರಮದಲ್ಲಿ.

• ವೀಸಾ ಅರ್ಜಿ ತೆರೆಯುವ ಮೊದಲು ಒಂದು ಭಾನುವಾರ ಚಾಪೆ ಹಾಸಿ, ಮನೆಯಲ್ಲಿರುವ ಕಾಗದವನ್ನೆಲ್ಲ ಅದರ ಮೇಲೆ ಹರಡಿ. ಪಾಸ್‌ಪೋರ್ಟ್, ಆಧಾರ್, ಪ್ಯಾನ್, ಎಸ್ಸೆಸ್ಸಿ ಮೆಮೊ ಎಂಬ ಅಂಕಪಟ್ಟಿ, ಜನನ ಪ್ರಮಾಣಪತ್ರ, ಮದುವೆ ನೋಂದಣಿ, ಬ್ಯಾಂಕಿನ ಪಾಸ್‌ಬುಕ್, ಪಿಂಚಣಿ ಆದೇಶ. ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಐದು ಮನೆ ಮಾಡಿ: ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನ ಮತ್ತು ಊರು, ವಿಳಾಸ. ಒಂದೊಂದು ಕಾಗದದಲ್ಲಿ ಇಂಗ್ಲಿಷಿನಲ್ಲಿ ಏನಿದೆಯೋ ಅದನ್ನೇ, ಒಂದಕ್ಷರವನ್ನೂ ತಿದ್ದದೆ, ಕೆಳಗೆ ಕೆಳಗೆ ಇಳಿಸುತ್ತಾ ಹೋಗಿ. ಗಂಡು ಹೆಣ್ಣಿನ ಜಾತಕ ಕೂಡಿಸುವ ಹಾಗೆ ಕೂಡಿಸಿ ನೋಡಿ. ಎಲ್ಲಿ ಕೂಡುವುದಿಲ್ಲವೋ ಅಲ್ಲಿ ಕೆಂಪು ಮಸಿಯಲ್ಲಿ ಗುರುತು ಹಾಕಿ. ಪ್ರಯಾಣಕ್ಕೆ ಒಂದು ವರ್ಷ ಇರುವಾಗ ಇದು ಆಗಬೇಕು. ಎರಡು ತಿಂಗಳಿದ್ದಾಗ ಕಂಡ ಕೆಂಪು ಗುರುತಿನಿಂದ ರಕ್ತದೊತ್ತಡ ಏರುವುದು ಬಿಟ್ಟರೆ ಬೇರೇನೂ ಆಗದು.

• ಹೆಸರಿನ ಗೋಳು ದೊಡ್ಡದು, ಅದಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ಹಳೆ ಮೈಸೂರಿನ ಕಡೆಯವರಿಗೆ ಹೆಸರಿನ ಮುಂದೆ ಇನಿಷಿಯಲ್ಲು: ಒಂದು ಊರಿನದು, ಇನ್ನೊಂದು ಅಪ್ಪನದು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸುವಾಗ ಅಣ್ಣ ಊರಿನ ಹೆಸರನ್ನು ಸರ್‌ನೇಮ್ ಮಾಡಿಕೊಂಡ, ತಮ್ಮ ಅಪ್ಪನ ಹೆಸರನ್ನು ಹಾಕಿಕೊಂಡ. ಒಡಹುಟ್ಟಿದವರು ಕಾಗದದಲ್ಲಿ ದಾಯಾದಿಗಳೂ ಅಲ್ಲದವರಾದರು. ಕಲಬುರಗಿ, ರಾಯಚೂರಿನ ಕಡೆಯವರಿಗೆ ಅಡ್ಡಹೆಸರು ಇದೆ, ಅವರು ನಿಶ್ಚಿಂತರು ಅಂದುಕೊಳ್ಳಬೇಡಿ. ಇಲ್ಲಿನ ಶಾಲೆಗಳಲ್ಲಿ ಇಂಟಿಪೇರು, ಅಂದರೆ ಮನೆತನದ ಹೆಸರು, ಮುಂದೆ ಬರೆಯುವ ವಾಡಿಕೆ. ರಾಘವೇಂದ್ರ ಕುಲಕರ್ಣಿ ಮೆಮೊದಲ್ಲಿ ಕುಲಕರ್ಣಿ ರಾಘವೇಂದ್ರನಾಗಿ, ಕಂಪನಿಯಲ್ಲಿ ಕೆ. ರಾಘವೇಂದ್ರನಾಗಿ, ಕೊನೆಗೆ ಪಾಸ್‌ಪೋರ್ಟಿನಲ್ಲಿ ರಾಘವೇಂದ್ರ ಎಂಬುದೇ ಸರ್‌ನೇಮ್ ಆಗಿ ಕೂತಿರುತ್ತದೆ. ವಿಮಾನದ ಟಿಕೆಟ್, ವೀಸಾ, ಅಲ್ಲಿಯ ಬ್ಯಾಂಕು, ಮಕ್ಕಳ ಶಾಲೆ ಎಲ್ಲವೂ ಪಾಸ್‌ಪೋರ್ಟಿನ ಹಿಂದೆಯೇ ಹೋಗುತ್ತವೆ.

ಸರ್‌ನೇಮ್ ಕಾಲಂ ಖಾಲಿ ಬಿಟ್ಟವರ ಪಾಡು ಇನ್ನೂ ಬೇರೆ. ಅಮೆರಿಕದ ವೀಸಾದಲ್ಲಿ ಅಂಥವರ ಇರುವೊಂದು ಹೆಸರು ಸರ್‌ನೇಮಿನ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂಬ ಮೂರಕ್ಷರ ಬೀಳುತ್ತದೆ. ಹೆಸರು ಗೊತ್ತಿಲ್ಲ ಎಂದರ್ಥ. ಅಲ್ಲಿ ಲೈಸೆನ್ಸು, ಬ್ಯಾಂಕ್ ಕಾರ್ಡು ಮಾಡಿಸುವಾಗಲೂ ಅದು ಬೆನ್ನು ಬಿಡುವುದಿಲ್ಲ. ಯುಎಇ 2022ರ ನವೆಂಬರಿನಲ್ಲಿ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲ ಎಂದುಬಿಟ್ಟಿತು. ಆಮೇಲೆ ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಆದೀತು ಎಂದು ತುಸು ಸಡಿಲಿಸಿತು. ಸರ್‌ನೇಮ್ ಸೇರಿಸುವುದಿದ್ದರೆ ಪಾಸ್‌ಪೋರ್ಟ್ ಮರುವಿತರಣೆಯ ಅರ್ಜಿಯಲ್ಲೇ ಸೇರಿಸಿ. ಮಗುವಿಗೆ ಮೊದಲ ಪಾಸ್‌ಪೋರ್ಟ್ ಮಾಡಿಸುವವರು ಎರಡೂ ಕಾಲಂ ತುಂಬಿಯೇ ತೀರಿ.

• ಹೆಣ್ಣುಮಕ್ಕಳ ಹೆಸರಿಗೆ ಮತ್ತೊಂದು ಸುತ್ತು. ನಮ್ಮ ಉತ್ತರದ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಅಕ್ಕಿಯ ಮೇಲೆ ಹೊಸ ಹೆಸರು ಬರೆದು ಸೊಸೆಯನ್ನು ತುಂಬಿಸಿಕೊಳ್ಳುತ್ತಿದ್ದರು. ತವರಿನ ಸುಮಿತ್ರಾ ಇಲ್ಲಿ ವಸುಧಾ ಆದಳು. ಅವಳ ಮೆಮೊದಲ್ಲಿ ಸುಮಿತ್ರಾ, ಮಗನ ಜನನ ಪ್ರಮಾಣಪತ್ರದಲ್ಲಿ ತಾಯಿ ವಸುಧಾ. ಈಗ ಆ ಮಗ ಡಲ್ಲಾಸಿನಿಂದ ತಾಯಿಯನ್ನು ಕರೆಸುತ್ತಾನೆ, ಅವನ ಪಾಸ್‌ಪೋರ್ಟಿನ ತಾಯಿಯ ಹೆಸರಿಗೂ ಇವಳ ಪಾಸ್‌ಪೋರ್ಟಿಗೂ ತಾಳೆಯಿಲ್ಲ. ಇಬ್ಬರೂ ಒಬ್ಬಳೇ ಎಂಬ ಅಫಿಡವಿಟ್ಟು, ಪತ್ರಿಕೆಯ ಜಾಹೀರಾತು, ಕೆಲವು ಸಲ ಗೆಜೆಟ್ಟು, ಇಷ್ಟೂ ಓಡಾಟ ಬೀಳುತ್ತದೆ. ಇವತ್ತಿನ ಹುಡುಗಿಯರಿಗೆ ನನ್ನ ಮಾತು ಒಂದೇ: ಮದುವೆಯಾಯಿತೆಂದು ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಲೇಬೇಕೆಂಬ ಕಾನೂನಿಲ್ಲ. ಅತ್ತೆಮನೆಯವರು ಏನೆಂದು ಕರೆದರೂ ಕರೆಯಲಿ, ಕಾಗದದಲ್ಲಿ ಮೆಮೊದ ಹೆಸರೇ ಇರಲಿ.

• ಕಾಗುಣಿತ ನೋಡಿ. ನಮ್ಮ ಲಕ್ಷ್ಮಿಗೆ ಕರ್ನಾಟಕದ ಗುಮಾಸ್ತ ಕೆ, ಎಸ್, ಎಚ್ ಹಾಕುತ್ತಾನೆ, ಹೈದರಾಬಾದಿನವನು ಎಕ್ಸ್ ಹಾಕಿ ಕೈತೊಳೆದುಕೊಳ್ಳುತ್ತಾನೆ. ಸರಸ್ವತಿಯ ಕೊನೆಯಲ್ಲಿ ಮೈಸೂರಿನವರಿಗೆ ಎಚ್ ಬೇಕು, ಧಾರವಾಡದವರಿಗೆ ಬೇಡ. ಮೂರ್ತಿ, ಅಯ್ಯ, ಗೌಡ ಇವುಗಳಲ್ಲೂ ಹೀಗೇ. ಯಾವುದು ಸರಿ ಎಂದು ವಾದ ಮಾಡುತ್ತ ಕೂರಬೇಡಿ. ಪಾಸ್‌ಪೋರ್ಟಿನಲ್ಲಿ ಏನಿದೆಯೋ ಅದೇ ಸರಿ. ಉಳಿದವನ್ನು, ಆಧಾರ್ ಮತ್ತು ಪ್ಯಾನಿನಿಂದ ಹಿಡಿದು, ಅದಕ್ಕೆ ತಕ್ಕಂತೆ ತಿದ್ದಿಸುವುದು ಸುಲಭದ ದಾರಿ. ಆದರೆ ಪಾಸ್‌ಪೋರ್ಟೇ ಮೆಮೊಕ್ಕೆ ಹೊಂದದಿದ್ದರೆ ಪಾಸ್‌ಪೋರ್ಟನ್ನೇ ತಿದ್ದಿಸಿ, ಏಕೆಂದರೆ ಮೆಮೊ ತಿದ್ದಿಸುವುದು ಭಗೀರಥ ಪ್ರಯತ್ನ.

• ಹುಟ್ಟಿದ ದಿನ. ನನ್ನ ವಯಸ್ಸಿನವರಿಗೆ ಎರಡು ಹುಟ್ಟುಹಬ್ಬ: ಒಂದು ಜಾತಕದ್ದು, ಒಂದು ಹೆಡ್‌ಮಾಸ್ತರರು ಶಾಲೆಗೆ ಸೇರಿಸಿಕೊಳ್ಳುವಾಗ ಬರೆದದ್ದು. ಸರ್ಕಾರಕ್ಕೆ ಶಾಲೆಯದೇ ಗೊತ್ತು. "ನಿಜವಾದ ತಾರೀಖು ಬೇರೆ ಇದೆ" ಎಂದು ಈ ವಯಸ್ಸಿನಲ್ಲಿ ಸತ್ಯಸಂಧರಾಗಲು ಹೋಗಬೇಡಿ. ದೇಶಕ್ಕೆಲ್ಲ ಜನನ ನೋಂದಣಿ ಕಡ್ಡಾಯ ಮಾಡಿದ ಕಾಯಿದೆ ಬಂದದ್ದೇ 1969ರಲ್ಲಿ. ಅದಕ್ಕೆ ಮುಂಚೆ ಹುಟ್ಟಿದ ಎಷ್ಟೋ ಜನರಿಗೆ ಪ್ರಮಾಣಪತ್ರವೇ ಇಲ್ಲ, ಅವರಿಗೆ ಮೆಮೊ, ಪ್ಯಾನ್, ಆಧಾರ್, ಎಲ್‌ಐಸಿ ಬಾಂಡ್ ಇಂಥವು ನಡೆಯುತ್ತವೆ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಮಾತ್ರ ಜನನ ಪ್ರಮಾಣಪತ್ರವೊಂದೇ ಪುರಾವೆ, ಬೇರೆ ಯಾವುದೂ ಪಾಸ್‌ಪೋರ್ಟಿಗೆ ನಡೆಯದು.

• ಹಾಗಾಗಿ ಮೊಮ್ಮಕ್ಕಳ ಜನನ ಪ್ರಮಾಣಪತ್ರವನ್ನು ಈಗಲೇ ತೆಗೆದು ನೋಡಿ. ಆಸ್ಪತ್ರೆಯಿಂದ ನೋಂದಣಿಯಾಗುವಾಗ ಮಗುವಿಗೆ ಹೆಸರಿರುವುದಿಲ್ಲ, "ಬೇಬಿ ಆಫ್" ಎಂದು ತಾಯಿಯ ಹೆಸರು ಬಿದ್ದಿರುತ್ತದೆ. ನಾಮಕರಣ ಅದ್ದೂರಿಯಾಗಿ ಆಗುತ್ತದೆ, ಆ ಹೆಸರನ್ನು ನೋಂದಣಿಯಲ್ಲಿ ಸೇರಿಸಲು ಯಾರಿಗೂ ನೆನಪಿರುವುದಿಲ್ಲ. ಹನ್ನೆರಡು ತಿಂಗಳೊಳಗೆ ಸೇರಿಸಿದರೆ ಶುಲ್ಕವೂ ಇಲ್ಲ. ಇನ್ನೊಂದು ಮಾತು: ಚೊಚ್ಚಲ ಹೆರಿಗೆ ತವರಿನಲ್ಲಿ ತಾನೆ? ಮಗು ಕಲಬುರಗಿಯಲ್ಲಿ ಹುಟ್ಟಿದ್ದರೆ ಪ್ರಮಾಣಪತ್ರ ಅಲ್ಲಿಯದೇ ಆಗಬೇಕು, ಕರ್ನಾಟಕದ ಇ-ಜನ್ಮ ವ್ಯವಸ್ಥೆಯದು. ಇಲ್ಲಿನ ಮೀಸೇವಾ ಕೇಂದ್ರದಲ್ಲಿ ಎಷ್ಟು ಕಾಡಿದರೂ ಸಿಗದು.

• ಊರುಗಳ ಹೆಸರೇ ಬದಲಾಗಿವೆ. 2014ರ ನವೆಂಬರ್ 1ರಿಂದ ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು. ಹಳೆ ಪಾಸ್‌ಪೋರ್ಟಿನಲ್ಲಿ ಹಳೆ ಹೆಸರು, ಹೊಸದಾಗಿ ತೆಗೆಸಿದ ಜನನ ಪ್ರಮಾಣಪತ್ರದಲ್ಲಿ ಹೊಸ ಹೆಸರು. ಇದಕ್ಕೆ ಗಾಬರಿ ಬೇಡ. ಆದರೆ ವೀಸಾ ಫಾರಮ್ಮಿನಲ್ಲಿ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಿರಿ, ಕನ್ನಡಾಭಿಮಾನ ಅಲ್ಲಿ ತೋರಿಸಬೇಡಿ. 1956ಕ್ಕೆ ಮೊದಲು ಕಲಬುರಗಿಯಲ್ಲೋ ರಾಯಚೂರಿನಲ್ಲೋ ಹುಟ್ಟಿದ ಹಿರಿಯರು ಹುಟ್ಟಿದ್ದು ಹೈದರಾಬಾದ್ ರಾಜ್ಯದಲ್ಲಿ ನಿಜ, ಅದನ್ನು ವೀಸಾ ಅಧಿಕಾರಿಗೆ ವಿವರಿಸಲು ಹೊರಟರೆ ಕಥೆ ನಿಜಾಮರವರೆಗೆ ಹೋಗುತ್ತದೆ. ಪಾಸ್‌ಪೋರ್ಟಿನಲ್ಲಿ ಕರ್ನಾಟಕ ಎಂದಿದ್ದರೆ ಕರ್ನಾಟಕ.

• ಮನೆ ನಂಬರು. ಈ ಊರಿನ ಮನೆ ನಂಬರುಗಳನ್ನು ಹೊರಗಿನವರು ಫೋನ್ ನಂಬರು ಅಂದುಕೊಳ್ಳುತ್ತಾರೆ. ಎರಡು ಅಡ್ಡಗೆರೆ, ಒಂದು ಓರೆಗೆರೆ, ಅದರಾಚೆ ಫ್ಲ್ಯಾಟಿನ ನಂಬರು. ಆಧಾರಿನಲ್ಲಿ ಓರೆಗೆರೆ ಇದ್ದರೆ ಬ್ಯಾಂಕಿನಲ್ಲಿ ಅದು ಮಾಯವಾಗಿ ಎರಡು ಅಂಕಿ ಒಂದಾಗಿರುತ್ತವೆ. ಮೇಲಾಗಿ 2016ರ ಅಕ್ಟೋಬರಿನಲ್ಲಿ ತೆಲಂಗಾಣದ ಜಿಲ್ಲೆಗಳನ್ನು ಹತ್ತರಿಂದ ಮೂವತ್ತೊಂದಕ್ಕೆ ಒಡೆದರು. ಕೂಕಟ್‌ಪಲ್ಲಿಯವರು ಮನೆ ಬಿಟ್ಟು ಕದಲದೆ ರಂಗಾರೆಡ್ಡಿ ಜಿಲ್ಲೆಯಿಂದ ಮೇಡ್ಚಲ್-ಮಲ್ಕಾಜ್‌ಗಿರಿಗೆ ಹೋದರು. ಪಾಸ್‌ಪೋರ್ಟ್ ಅರ್ಜಿಯ ವಿಳಾಸವೂ ತೋರಿಸುವ ಪುರಾವೆಯ ವಿಳಾಸವೂ ಒಂದೇ ಅಕ್ಷರದಲ್ಲಿರಲಿ. ಬಾಡಿಗೆ ಮನೆ ಬದಲಿಸಿದವರು ಮೊದಲು ಆಧಾರ್ ತಿದ್ದಿಸಿ, ಆಮೇಲೆ ಅರ್ಜಿ ಹಾಕಿ. ಪೊಲೀಸ್ ಪರಿಶೀಲನೆ ಈಗ ಇಲ್ಲಿ ಬೇಗ ಆಗುತ್ತದೆ, ಆದರೆ ಪೇದೆ ಬಂದಾಗ ಕೊಟ್ಟ ವಿಳಾಸದಲ್ಲಿ ನೀವು ಸಿಗಬೇಕಲ್ಲ!

• ಪಾಸ್‌ಪೋರ್ಟಿನ ಅವಧಿ ಮುಗಿಯುವ ದಿನವನ್ನು ನಂಬಬೇಡಿ, ಅದಕ್ಕೆ ಆರು ತಿಂಗಳು ಹಿಂದಿನ ದಿನವೇ ಕೊನೆ ಎಂದು ತಿಳಿಯಿರಿ. ಎಷ್ಟೋ ದೇಶಗಳು ಆರು ತಿಂಗಳ ಅವಧಿ ಉಳಿದಿರಬೇಕೆನ್ನುತ್ತವೆ. ಖಾಲಿ ಪುಟ ಕನಿಷ್ಠ ಎರಡಾದರೂ ಇರಲಿ. ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಮರುವಿತರಣೆಗೆ ಅರ್ಜಿ ಹಾಕಬಹುದು. ದೊಡ್ಡವರಿಗೆ 36 ಪುಟದ್ದು 1,500 ರೂಪಾಯಿ, 60 ಪುಟದ್ದು 2,000; ತತ್ಕಾಲ್ ಆದರೆ ಮೇಲೆ ಇನ್ನೂ 2,000. ಮೊದಲ ಸಲ ಮಾಡಿಸುವ 60 ದಾಟಿದವರಿಗೆ ನೂರಕ್ಕೆ ಹತ್ತು ರಿಯಾಯಿತಿ ಉಂಟು. ಹೈದರಾಬಾದಿನಲ್ಲಿ ಈಗ ಚಿಪ್ ಇರುವ ಇ-ಪಾಸ್‌ಪೋರ್ಟ್ ಕೊಡುತ್ತಾರೆ, ಹಳೆಯದು ಚಾಲ್ತಿಯಲ್ಲಿದ್ದರೆ ಅದಕ್ಕಾಗಿ ಬದಲಿಸಬೇಕಾದ್ದಿಲ್ಲ.

ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗುವ ಮುಂಚೆ ಅಪಾಯಿಂಟ್‌ಮೆಂಟ್ ಚೀಟಿಯ ವಿಳಾಸ ಓದಿ. ನೆನಪಿನ ಮೇಲೆ ಆಟೊ ಹತ್ತಬೇಡಿ. ಅಮೀರ್‌ಪೇಟೆಯ ಕೇಂದ್ರ 2025ರಲ್ಲಿ ಎಂಜಿಬಿಎಸ್ ಮೆಟ್ರೊ ನಿಲ್ದಾಣಕ್ಕೆ, ಟೋಲಿಚೌಕಿಯದು ರಾಯದುರ್ಗಕ್ಕೆ ಹೋಯಿತು. ಪ್ರಾದೇಶಿಕ ಕಚೇರಿ ಸಿಕಂದರಾಬಾದಿನಲ್ಲಿ. ಅರ್ಜಿಯಲ್ಲಿ ತೊಡಕು ಬಂದಾಗಲಷ್ಟೇ ಅಲ್ಲಿಗೆ ಹೋಗುವುದು.

• ಹತ್ತನೇ ಕ್ಲಾಸು ಪಾಸಾದವರು ಮೆಮೊ ಹಾಜರುಪಡಿಸಿ, ಪಾಸ್‌ಪೋರ್ಟಿಗೆ ಇಸಿಆರ್ ಮುದ್ರೆ ಬೀಳದಂತೆ ನೋಡಿಕೊಳ್ಳಿ. ಆ ಮುದ್ರೆ ಇದ್ದವರು ಕೆಲಸಕ್ಕಾಗಿ ಗಲ್ಫ್ ಮುಂತಾದ ಹದಿನೆಂಟು ದೇಶಗಳಿಗೆ ಹೋಗುವಾಗ 1983ರ ವಲಸೆ ಕಾಯಿದೆಯ ಪ್ರಕಾರ ಅನುಮತಿ ಪಡೆಯಬೇಕು. ಅದು ಅಡ್ಡಿ ಅಲ್ಲ, ರಕ್ಷಣೆ. ಅನುಮತಿಯ ಜೊತೆಗೆ ಬರುವ ಪ್ರವಾಸಿ ಭಾರತೀಯ ಬಿಮಾ ಯೋಜನೆ 10 ಲಕ್ಷದ ವಿಮೆ ಕೊಡುತ್ತದೆ. ಬೀದರ್, ಕಲಬುರಗಿ ಕಡೆಯ ಹುಡುಗರು ಕೆಲಸ ಹುಡುಕಿಕೊಂಡು ಹೈದರಾಬಾದಿನ ಏಜೆಂಟರ ಬಾಗಿಲಿಗೆ ಬರುತ್ತಾರೆ. ಅವರಿಗೆ ಕೈಮುಗಿದು ಹೇಳುತ್ತೇನೆ: ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸಿಕೊಳ್ಳುತ್ತೀ ಎನ್ನುವವನ, ಯಾರ ಬಳಿ ಬೇಕಾದರೂ ದುಡಿಯಬಹುದಾದ ಆಜಾದ್ ವೀಸಾ ಕೊಡಿಸುತ್ತೇನೆ ಎನ್ನುವವನ ಮುಂದಿನ ಕುರ್ಚಿಯಿಂದ ಎದ್ದು ಬನ್ನಿ. ಏಜೆಂಟನ ಹೆಸರು ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯೇ ನೋಡಿ. ಕಾಂಬೋಡಿಯ, ಮ್ಯಾನ್ಮಾರ್, ಲಾವೋಸಿನಲ್ಲಿ ಡೇಟಾ ಎಂಟ್ರಿ ಕೆಲಸ ಎಂದು ಕರೆದೊಯ್ದು ಸೈಬರ್ ವಂಚನೆಯ ದೊಡ್ಡಿಗಳಿಗೆ ನೂಕಿದ್ದು ಇದೇ ಊರಿನ ಸುತ್ತಲಿನ ಹುಡುಗರನ್ನೂ ಸೇರಿಸಿ. ಕೆಲಸಕ್ಕೆ ಹೋದ ದೇಶದಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ಮಾಲೀಕನ ಕಪಾಟಿಗೆ ಹೋಗಬಾರದು. ಅದು ಭಾರತ ಸರ್ಕಾರದ ಸ್ವತ್ತು.

• ಡಿಗ್ರಿ, ಮದುವೆ, ಜನನದ ಪತ್ರಗಳಿಗೆ ಹೊರದೇಶದವರು ಕೇಳುವ ಮುದ್ರೆ ಎರಡು ಬಗೆ. ಭಾರತ 2005ರಿಂದ ಅಪೋಸ್ಟಿಲ್ ಒಪ್ಪಂದದಲ್ಲಿದೆ; ಆ ಒಪ್ಪಂದದ ದೇಶಗಳಿಗೆ ವಿದೇಶಾಂಗ ಇಲಾಖೆಯ ಅಪೋಸ್ಟಿಲ್ ಸಾಕು. ಒಮಾನ್, ಬಹರೇನ್ ಅದರಲ್ಲಿವೆ, ಸೌದಿ 2022ರ ಡಿಸೆಂಬರಿನಿಂದ ಸೇರಿತು. ಯುಎಇ, ಕತಾರ್, ಕುವೈತಿಗೆ ಹೋಗುವವರು ವಿದೇಶಾಂಗ ಇಲಾಖೆಯ ನಂತರ ಆ ದೇಶದ ರಾಯಭಾರ ಕಚೇರಿಯ ಮುದ್ರೆಯನ್ನೂ ಹಾಕಿಸಬೇಕು. ನಮ್ಮವರು ಎಡವುವುದು ಮೊದಲ ಮೆಟ್ಟಿಲಲ್ಲಿ. ರಾಜ್ಯದ ದೃಢೀಕರಣ ಆ ಕಾಗದ ಕೊಟ್ಟ ರಾಜ್ಯದಲ್ಲೇ ಆಗಬೇಕು. ಧಾರವಾಡದ ಡಿಗ್ರಿಯನ್ನು ಹೈದರಾಬಾದಿನ ಸಚಿವಾಲಯಕ್ಕೆ ಒಯ್ದರೆ ಬಂದ ದಾರಿಗೆ ಸುಂಕವಿಲ್ಲ, ಬೆಂಗಳೂರಿಗೇ ಕಳಿಸಬೇಕು. ಅಪೋಸ್ಟಿಲ್‌ನ ಸರ್ಕಾರಿ ಶುಲ್ಕ ಕಾಗದಕ್ಕೆ 50 ರೂಪಾಯಿ. ಅದರ ಮೇಲೆ ಏಜೆಂಟ್ ಎಷ್ಟು ಕೇಳುತ್ತಾನೆ ಎಂದು ನಾಲ್ಕು ಕಡೆ ವಿಚಾರಿಸಿ. ಮೂಲ ಪ್ರತಿ ಕೊಡುವಾಗ ರಸೀದಿ ಇಲ್ಲದೆ ಕೈ ಬಿಡಬೇಡಿ. ಪೊಲೀಸ್ ಕ್ಲಿಯರೆನ್ಸ್ ಕೇಳಿದರೆ ಅದಕ್ಕೂ ಪಾಸ್‌ಪೋರ್ಟ್ ಸೇವೆಯ ಮೂಲಕವೇ ಅರ್ಜಿ, ಠಾಣೆಗೆ ಅಲೆಯುವುದಲ್ಲ.

• ಅಮೆರಿಕದ ವೀಸಾ. ಇದಕ್ಕೆ ಈ ಊರಿನಲ್ಲಿ ಮೊದಲು ಚಿಲ್ಕೂರಿಗೆ ಹೋಗುತ್ತಾರೆ. ಗಂಡಿಪೇಟೆ ಕೆರೆಯ ಹತ್ತಿರದ ಬಾಲಾಜಿಗೆ ವೀಸಾ ಬಾಲಾಜಿ ಎಂದೇ ಹೆಸರು: ಹರಕೆಗೆ ಹನ್ನೊಂದು ಸುತ್ತು, ಕೈಗೂಡಿದ ಮೇಲೆ ನೂರೆಂಟು. ಹುಂಡಿ ಇಲ್ಲದ ದೇವರು, ನನಗೂ ಇಷ್ಟ. ಆದರೆ ಡಿಎಸ್-160 ಫಾರಂ ನೀವೇ ತುಂಬಬೇಕು, ಮತ್ತು ತುಂಬಿದ್ದು ನಿಮಗೆ ಬಾಯಿಗೆ ಬರಬೇಕು. ಮಗ ಅಲ್ಲಿಂದ ತುಂಬಿ ಕಳಿಸಿದ್ದಾನೆ, ಅಪ್ಪನಿಗೆ ಅದರಲ್ಲಿ ಎಷ್ಟು ದಿನ ಇರುವುದೆಂದು ಬರೆದಿದೆಯೋ ತಿಳಿಯದು. ಗಾಜಿನಾಚೆ ಕೂತ ಅಧಿಕಾರಿ "ಎಷ್ಟು ದಿನ ಇರುತ್ತೀರಿ?" ಎಂದರೆ ಇವರು ಮಗನನ್ನು ಕೇಳಬೇಕು ಅನ್ನುತ್ತಾರೆ! ಮುದ್ರಿಸಿದ ಫಾರಮ್ಮನ್ನು ಗಂಡ ಹೆಂಡತಿ ಇಬ್ಬರೂ ಕೂತು ಓದಿಕೊಳ್ಳಿ. ಮಗ ಯಾವ ಊರಲ್ಲಿದ್ದಾನೆ, ಏನು ಕೆಲಸ, ಯಾವ ವೀಸಾದಲ್ಲಿದ್ದಾನೆ, ಖರ್ಚು ಯಾರದು, ಇಲ್ಲಿ ನಿಮಗೆ ಯಾರಿದ್ದಾರೆ, ಏನಿದೆ. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಸುಳ್ಳು ಬ್ಯಾಂಕ್ ಪತ್ರ, ಸುಳ್ಳು ಅನುಭವ ಪತ್ರ ತೋರಿಸಿ ಸಿಕ್ಕಿಬಿದ್ದರೆ ಆ ದೇಶದ ಬಾಗಿಲು ಜೀವಮಾನಕ್ಕೆ ಮುಚ್ಚಬಹುದು.

ಭೇಟಿಯ ವೀಸಾದ ಶುಲ್ಕ 185 ಡಾಲರ್, ವೀಸಾ ಸಿಗದಿದ್ದರೂ ವಾಪಸ್ಸಿಲ್ಲ. ಹೋಗಬೇಕಾದ್ದು ಎರಡು ಕಡೆ. ಬೆರಳಚ್ಚು, ಫೋಟೊಗೆ ಹೈಟೆಕ್ ಸಿಟಿ ಮೆಟ್ರೊ ನಿಲ್ದಾಣದಲ್ಲಿರುವ ಕೇಂದ್ರ. ಸಂದರ್ಶನಕ್ಕೆ ನಾನಕ್‌ರಾಮ್‌ಗುಡದ ಕಾನ್ಸುಲೇಟ್. ಅದು 2008ರಿಂದ ಬೇಗಂಪೇಟೆಯ ಪೈಗಾ ಅರಮನೆಯಲ್ಲಿತ್ತು, 2023ರ ಮಾರ್ಚಿನಲ್ಲಿ ಈ ಹೊಸ ಕಟ್ಟಡಕ್ಕೆ ಬಂತು. ಹಳೆಯ ನೆನಪಿನಲ್ಲಿ ಬೇಗಂಪೇಟೆಗೆ ಹೋಗಿ ನಿಲ್ಲಬೇಡಿ. ಮೊಬೈಲ್, ಚೀಲ ಒಳಗೆ ಬಿಡುವುದಿಲ್ಲ, ಆದ್ದರಿಂದ ಫೋನಿನಲ್ಲಿರುವ ಕಾಗದ ಅಲ್ಲಿ ಕಾಗದವಲ್ಲ. ಎಪ್ಪತ್ತೊಂಬತ್ತು ದಾಟಿದವರಿಗೆ ಇದ್ದ ಸಂದರ್ಶನದ ವಿನಾಯಿತಿ 2025ರ ಸೆಪ್ಟೆಂಬರ್ 2ರಿಂದ ಹೋಗಿದೆ. ವಯಸ್ಸಾದವರನ್ನು ಕರೆಸುವ ಮಕ್ಕಳು ಇದನ್ನು ಗಮನದಲ್ಲಿಡಿ. ಫೋಟೊ ಎರಡಿಂಚು ಚೌಕ, ಕನ್ನಡಕ ತೆಗೆದಿರಬೇಕು. ಓದಲು ಹೋಗುವ ಹುಡುಗರು ಐದು ವರ್ಷದಲ್ಲಿ ಬಳಸಿದ ಸಾಮಾಜಿಕ ಜಾಲತಾಣದ ಖಾತೆಗಳ ಹೆಸರನ್ನೆಲ್ಲ ಫಾರಮ್ಮಿನಲ್ಲಿ ಬರೆಯಬೇಕು. 2025ರ ಜೂನಿನಿಂದ ಅವನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು ಕೂಡ.

• ಯುರೋಪಿನ ಷೆಂಗೆನ್ ವೀಸಾಕ್ಕೆ ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ. ಆರು ತಿಂಗಳು ಮೊದಲೇ ಹಾಕಬಹುದು, ಹದಿನೈದು ದಿನಕ್ಕಿಂತ ಕಡಿಮೆ ಇಟ್ಟುಕೊಳ್ಳಬಾರದು. 30,000 ಯೂರೊದ ವೈದ್ಯಕೀಯ ವಿಮೆ ಕಡ್ಡಾಯ, ಶುಲ್ಕ 90 ಯೂರೊ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸಾಗುವ ದಿನದಿಂದ ಮುಂದಕ್ಕೆ ಮೂರು ತಿಂಗಳು ಚಾಲ್ತಿಯಲ್ಲಿರಬೇಕು.

• ಬ್ಯಾಂಕ್ ಖಾತೆಯಲ್ಲಿ ಅರ್ಜಿಯ ಹಿಂದಿನ ವಾರ ಅಳಿಯ ಹಾಕಿದ ಐದು ಲಕ್ಷ ಎದ್ದು ಕಾಣುತ್ತದೆ. ಪಿಂಚಣಿ ಬರುವ ಖಾತೆಯ ಆರು ತಿಂಗಳ ಹೇಳಿಕೆ, ಮೂರು ವರ್ಷದ ಆದಾಯ ತೆರಿಗೆ ವಿವರ, ಮನೆಯ ಪತ್ರದ ಪ್ರತಿ, ಇಷ್ಟು ಇದ್ದರೆ ಮರ್ಯಾದೆಯ ಕಡತ.

• ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನ ಹೆಸರು. ಹಳೆ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಇನ್ನೂ ಚಾಲ್ತಿಯಲ್ಲಿದ್ದರೆ ಹಳೆಯದು, ಹೊಸದು ಎರಡನ್ನೂ ಒಟ್ಟಿಗೆ ಒಯ್ಯಿರಿ. ವೀಸಾ ಹಾಳೆ ಕಿತ್ತು ಹೊಸದಕ್ಕೆ ಅಂಟಿಸುವ ಜಾಣತನ ಬೇಡ. ದಾರಿಯಲ್ಲಿ ವಿಮಾನ ಬದಲಿಸುವ ದೇಶಕ್ಕೆ ಟ್ರಾನ್ಸಿಟ್ ವೀಸಾ ಬೇಕೇ ಎಂದು ಟಿಕೆಟ್ ತೆಗೆಸುವ ಮೊದಲು ವಿಮಾನ ಕಂಪನಿಯನ್ನು ಕೇಳಿ. ಅಗ್ಗದ ಟಿಕೆಟ್ಟು ಎರಡು ಬಿಡಿ ಟಿಕೆಟ್ಟಾಗಿದ್ದರೆ ನಡುವೆ ಸಾಮಾನು ತೆಗೆದುಕೊಳ್ಳಲು ಹೊರಗೆ ಬರಬೇಕಾಗುತ್ತದೆ, ಆಗ ಆ ದೇಶದ ವೀಸಾವೇ ಬೇಕು.

• ಪಶುಪತಿನಾಥ, ಮುಕ್ತಿನಾಥ ಯಾತ್ರೆಗೆ ಹೊರಟವರು ನೇಪಾಳ ಪರದೇಶವಲ್ಲ ಎಂದುಕೊಂಡು ಆಧಾರ್ ಒಂದನ್ನೇ ಹಿಡಿದು ವಿಮಾನ ನಿಲ್ದಾಣಕ್ಕೆ ಹೋಗುತ್ತಾರೆ. 65 ದಾಟಿದವರಿಗೂ 15ರ ಕೆಳಗಿನವರಿಗೂ ಆಧಾರ್ ಆಗುತ್ತದೆ. ನಡುವಿನ ವಯಸ್ಸಿನವರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿಯೇ ಬೇಕು. ಅಜ್ಜ ಅಜ್ಜಿ ವಿಮಾನ ಹತ್ತಿ, ಜೊತೆಗೆ ಹೊರಟ ಮಗ ಕೆಳಗೆ ಉಳಿಯುವಂತಾಗಬಾರದು.

• ಆಫ್ರಿಕಾದ, ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹೋಗಿ ಬರುವವರು ಹಳದಿ ಜ್ವರದ ಲಸಿಕೆಯ ಪುಸ್ತಿಕೆ ಇಟ್ಟುಕೊಂಡಿರಬೇಕು. ನಮ್ಮ ಹತ್ತಿರದ ನಾರಾಯಣಗೂಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್‌ನಲ್ಲಿ ಹಾಕುತ್ತಾರೆ. ಹಾಕಿಸಿದ ಹತ್ತು ದಿನದ ಮೇಲೆ ಅದು ಊರ್ಜಿತ, ಆಮೇಲೆ ಜೀವನಪೂರ್ತಿ. ಪುಸ್ತಿಕೆ ಇಲ್ಲದೆ ಅಂಥ ದೇಶದಿಂದ ವಾಪಸ್ ಬಂದರೆ ನಮ್ಮದೇ ನೆಲದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು.

• ಮಾತ್ರೆಗಳನ್ನು ಸ್ಟೀಲ್ ಡಬ್ಬಿಗೆ ಸುರಿದುಕೊಳ್ಳಬೇಡಿ. ಅಂಗಡಿಯ ಪಟ್ಟಿಯಲ್ಲೇ ಇರಲಿ, ವೈದ್ಯರ ಚೀಟಿ ಇಂಗ್ಲಿಷಿನಲ್ಲಿ, ಔಷಧದ ಮೂಲ ಹೆಸರಿನೊಂದಿಗೆ ಇರಲಿ. ಮಂಡಿ ನೋವಿಗೆಂದು ಇಲ್ಲಿ ಬರೆದುಕೊಡುವ ಟ್ರಾಮಡಾಲ್, ಕೆಮ್ಮಿನ ಔಷಧದ ಕೊಡೀನ್ ಯುಎಇಯಲ್ಲಿ ಮೊದಲೇ ಅನುಮತಿ ಪಡೆಯದೆ ಒಯ್ದರೆ ಅಪರಾಧ. ಗಸಗಸೆಯೂ ಅಷ್ಟೇ. ಮಗಳಿಗೆ ಪಾಯಸವಾಗಲೆಂದು ಬೇಗಂಬಜಾರಿನಲ್ಲಿ ಕೊಂಡ ಅರ್ಧ ಕಿಲೊ ಗಸಗಸೆ ದುಬೈ, ಸೌದಿ, ಸಿಂಗಪುರದಲ್ಲಿ ಮಾದಕ ವಸ್ತುವಿನ ಲೆಕ್ಕ. ಯಾವ ಕಾಗದ ತೋರಿಸಿದರೂ ಬಿಡುವುದಿಲ್ಲ.

• ಮೊಮ್ಮಗುವನ್ನು ಅಜ್ಜ ಅಜ್ಜಿ ಮಾತ್ರ ಕರೆದುಕೊಂಡು ಹೋಗುವುದಿದ್ದರೆ ತಂದೆ ತಾಯಿ ಇಬ್ಬರ ಸಹಿಯ ನೋಟರಿ ಒಪ್ಪಿಗೆ ಪತ್ರ, ಅವರಿಬ್ಬರ ಪಾಸ್‌ಪೋರ್ಟ್ ಪ್ರತಿ, ಮಗುವಿನ ಜನನ ಪ್ರಮಾಣಪತ್ರ ಕೈಚೀಲದಲ್ಲಿರಲಿ. ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದೇ ವರ್ಷ, ಇಲ್ಲವೇ ಹದಿನೆಂಟು ತುಂಬುವವರೆಗೆ, ಯಾವುದು ಮೊದಲೋ ಅದು.

• ಸರ್ಕಾರದ ಹೆಸರಿನ ನಕಲಿ ತಾಣಗಳು ಪಾಸ್‌ಪೋರ್ಟಿಗೂ ಇವೆ, ವೀಸಾಕ್ಕೂ ಇವೆ. ಹುಡುಕಿದಾಗ ಮೇಲೆ ಬರುವುದು ಅಸಲಿ ಎಂದೇನಿಲ್ಲ. ನಮ್ಮ ಪಾಸ್‌ಪೋರ್ಟ್ ತಾಣದ ವಿಳಾಸ ಗೌ ಡಾಟ್ ಇನ್ ಎಂದು ಮುಗಿಯುತ್ತದೆ. ಬೇರೆ ಬಾಲ ಕಂಡರೆ ಕಾರ್ಡಿನ ನಂಬರು ಒತ್ತಬೇಡಿ.

• ಹೊರಡುವ ದಿನ. ಶಂಷಾಬಾದಿಗೆ ಮೂರು ಗಂಟೆ ಮುಂಚೆ ತಲುಪಿ. ಪುಷ್ಪಕ್ ಬಸ್ಸಿದೆ, ಸಾಮಾನು ಹೆಚ್ಚಿದ್ದರೆ ಮಾತ್ರ ಟ್ಯಾಕ್ಸಿ. ಡಿಜಿಯಾತ್ರೆ ದೇಶದೊಳಗಿನ ವಿಮಾನಕ್ಕೆ. ಪರದೇಶಕ್ಕೆ ಪದೇ ಪದೇ ಹೋಗುವವರು ಎಫ್‌ಟಿಐ-ಟಿಟಿಪಿ ಎಂಬ ಯೋಜನೆಗೆ ಉಚಿತವಾಗಿ ನೋಂದಾಯಿಸಿಕೊಂಡರೆ ಇಮಿಗ್ರೇಶನ್ ಸಾಲು ತಪ್ಪುತ್ತದೆ. 2025ರ ಜನವರಿಯಿಂದ ಹೈದರಾಬಾದಿನಲ್ಲೂ ಇದೆ. ಹೊರಡುವ ಭಾರತೀಯರು ತುಂಬುತ್ತಿದ್ದ ಚೀಟಿ 2017ರ ಜುಲೈ 1ರಿಂದ ಇಲ್ಲ, ಅದಕ್ಕಾಗಿ ಪೆನ್ನು ಹುಡುಕಬೇಡಿ. ಪೆನ್ನಂತೂ ಇರಲಿ, ಅಲ್ಲಿ ಇಳಿದ ಮೇಲೆ ಬೇಕಾದೀತು. ಪಾಸ್‌ಪೋರ್ಟ್, ವಿಮೆಯ ಪತ್ರ, ಮಗನ ವಿಳಾಸ ಮತ್ತು ಫೋನ್ ನಂಬರು ಬರೆದ ಹಾಳೆ, ಔಷಧದ ಚೀಟಿ ಕೈಚೀಲದಲ್ಲಿ. ದೊಡ್ಡ ಪೆಟ್ಟಿಗೆಯಲ್ಲಿ ಇಟ್ಟರೆ ಅದು ನಿಮ್ಮ ಕೈಗೆ ಬರುವುದು ಇಮಿಗ್ರೇಶನ್ ದಾಟಿದ ಮೇಲೆ.

• ಅಮೆರಿಕದಲ್ಲಿ ಎಷ್ಟು ದಿನ ಇರಬಹುದೆಂದು ಹೇಳುವುದು ವೀಸಾ ಅಲ್ಲ, ಐ-94 ಎಂಬ ದಾಖಲೆ. ವೀಸಾ ಹತ್ತು ವರ್ಷದ್ದಿದ್ದರೂ ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ ಬರೆಯುತ್ತಾರೆ. 03/07 ಎಂದರೆ ಮಾರ್ಚ್ 7. ಜುಲೈ 3 ಎಂದು ಓದಿಕೊಂಡು ಬಾಣಂತನ ಮುಗಿಸಿ ಹೊರಟರೆ ನಾಲ್ಕು ತಿಂಗಳು ಅಕ್ರಮವಾಗಿ ಇದ್ದಂತಾಗುತ್ತದೆ. ಇಳಿದ ವಾರದಲ್ಲೇ ಮಗಳ ಕೈಲಿ ಅದನ್ನು ತೆಗೆಸಿ, ಮುದ್ರಿಸಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.

• ಪಾಸ್‌ಪೋರ್ಟಿನ ಮೊದಲ, ಕೊನೆಯ ಪುಟ ಮತ್ತು ವೀಸಾದ ಜೆರಾಕ್ಸ್ ಎರಡು ಸೆಟ್: ಒಂದು ನಿಮ್ಮ ಪೆಟ್ಟಿಗೆಯಲ್ಲಿ, ಒಂದು ಹೈದರಾಬಾದಿನಲ್ಲಿ ಉಳಿಯುವವರ ಬಳಿ. ಅಲ್ಲಿ ಪಾಸ್‌ಪೋರ್ಟ್ ಕಳೆದರೆ ಮೊದಲು ಆ ಊರಿನ ಪೊಲೀಸರಿಗೆ ದೂರು ಕೊಟ್ಟು ಪ್ರತಿ ಪಡೆಯಿರಿ, ಆಮೇಲೆ ಭಾರತದ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್. ಹೊಸ ಪಾಸ್‌ಪೋರ್ಟಿಗೆ ಕಾಯಲು ಹೊತ್ತಿಲ್ಲದಿದ್ದರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಅದರಲ್ಲಿ ಭಾರತಕ್ಕೆ ಒಂದೇ ದಾರಿ, ನಡುವೆ ಬೇರೆ ಊರು ನೋಡುವಂತಿಲ್ಲ. ಜೆರಾಕ್ಸ್ ಇದ್ದವರ ಕೆಲಸ ಅಲ್ಲಿ ಬೇಗ ಆಗುತ್ತದೆ. ಕಳೆದುಹೋದ ಪಾಸ್‌ಪೋರ್ಟ್ ಆಮೇಲೆ ಸೋಫಾದ ಸಂದಿಯಲ್ಲಿ ಸಿಕ್ಕರೂ ಅದನ್ನು ಬಳಸುವಂತಿಲ್ಲ, ದೂರು ದಾಖಲಾದ ಕೂಡಲೇ ರದ್ದಾಗಿರುತ್ತದೆ, ಕಾನ್ಸುಲೇಟಿಗೆ ಒಪ್ಪಿಸಿಬಿಡಿ.